ಹೊಳೆ ದಾಟದ ಆಣೆ

“ಇಷ್ಟು ಮಂದಿ ಯಾತಕ್ಕ ಬಂದಾರ?”

ವೆಂಕೂಬಾಯಿ ಈ ಮಾತನ್ನು ಯಾರಿಗೂ ಕೇಳಿದ್ದಲ್ಲ. ಗಂಡನ ತುಟಿಗಳನ್ನು ಎರಡು ಬೆರಳಿನಿಂದ ಬಿಡಿಸಿ, ನಾಲಗೆಯ ಮೇಲೆ ತುಳಸಿಯ ದಳವಿಟ್ಟು, ಗಂಗೆಯ ಗಿಂಡಿಯನ್ನು ಬಗ್ಗಿಸುತ್ತಿದ್ದಾಗ ಕಣ್ಣು ಕಿಟಕಿಯಾಚೆ ಹೋಯಿತು. ಮಾತು ತಾನೇ ಹೊರಬಿತ್ತು. ನೀರು ಒಳಗಿಳಿಯದೆ ಕೆನ್ನೆಯ ಮೇಲಿಂದ ಹರಿದು ಹಾಸಿದ ದರ್ಭೆಯೊಳಗೆ ಸೇರಿತು.

ಬೀದಿ ತುಂಬಿತ್ತು. ಸರ್ಕಾರಿ ದವಾಖಾನೆಯ ಕಂಪೌಂಡರ್ ನರಸಿಂಹಾಚಾರ್ಯರು ಬೆಳಗಿನ ಜಾವ ತೀರಿಕೊಂಡ ಸುದ್ದಿ ಹೊತ್ತೇರುವುದರೊಳಗೆ ಹೊಳೆಸಾಲಿನ ಹಳ್ಳಿಗಳಿಗೆಲ್ಲ ಮುಟ್ಟಿತ್ತು. ಮಾಧವರಂ ಕಡೆಯಿಂದ ನಡೆದು ಬಂದವರಿದ್ದರು, ನಂದವರಂ ಕಡೆಯಿಂದ ಬಂಡಿ ಕಟ್ಟಿಕೊಂಡು ಬಂದವರಿದ್ದರು, ಕುರಿ ಹಿಂಡನ್ನು ಊರ ಹೊರಗೆ ತರುಬಿ ಕಂಬಳಿ ಹೆಗಲಿಗೇರಿಸಿಕೊಂಡು ಬಂದವರಿದ್ದರು. ಬದುಕಿದ್ದಾಗ ಈ ಮನೆಯ ಕಟ್ಟೆ ಹತ್ತಲು ಹಿಂದೆ ಮುಂದೆ ನೋಡುತ್ತಿದ್ದ ಮಂದಿ. ಆಚಾರ್ಯರು ಎದುರಿಗೆ ಬಂದರೆ ಬೇರೆ ಓಣಿ ಹಿಡಿಯುತ್ತಿದ್ದ ಮಂದಿ. ಇವರಲ್ಲಿ ಅಳಲು ಬಂದವರು ಯಾರು, ಸತ್ತದ್ದು ಖರೆಯೋ ಎಂದು ನೋಡಿ ಹೋಗಲು ಬಂದವರು ಯಾರು? ವೆಂಕೂಬಾಯಿ ಒಂದೊಂದೇ ಮುಖವನ್ನು ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ನೋಡಿದಳು.

ಮೈದುನ ಗುರುರಾಜ ಒಳಗೆ ಬಂದು ದನಿ ತಗ್ಗಿಸಿದ. ಅಣ್ಣನಿಗೆ ಮಕ್ಕಳಿಲ್ಲದ ಕಾರಣ ಬೆಂಕಿ ಕೊಡುವವನು ಅವನೇ. ಒದ್ದೆ ಪಂಚೆಯಲ್ಲಿ ನಡುಗುತ್ತಿದ್ದ.

“ವೈನಿ, ಆಕಿ ಬಂದಾಳ.”

“ಯಾರು?”

“ಈಡಿಗರ ಉಚ್ಚಮ್ಮ. ಯರ್ರೆಪ್ಪನ ಹೆಂಡತಿ. ಬೇವಿನ ಗಿಡದ ಬುಡಕ್ಕ ಕೂತಾಳ. ಯಾರ ಜೋಡಿನೂ ಮಾತಿಲ್ಲ. ಚಟ್ಟಕ್ಕ ಅಡ್ಡ ಬಂದು ಮಣ್ಣು ತೂರಿದ್ರ ಏನ್ ಮಾಡೋದು?”

ತಲೆಯ ದಿಕ್ಕಿಗೆ ಕೂತಿದ್ದ ಪಕ್ಕದ ಮನೆಯ ಸಕ್ಕೂಬಾಯಿ ಕೇಳಿಸಿಕೊಂಡಳು. ಅವಳ ಕಿವಿಗೆ ಗೋಡೆಯೂ ಅಡ್ಡವಲ್ಲ. ಆ ಮಂದಿ ಹಾಡಿಕೊಂಡು ಅಳುತ್ತಾರೆ, ಆ ಹಾಡಿನೊಳಗೇ ಸೇರಿಸಿ ಬೈಯುತ್ತಾರೆ ಎಂದಳು. ಹೆಸರು ಹಿಡಿದು ಶಾಪ ಹಾಕಿದರೆ ಯಾರು ಹೋಗಿ ಬಾಯಿ ಮುಚ್ಚುತ್ತೀರಿ ಎಂದು ಕೇಳಿದಳು. ಗುರುರಾಜ, ದವಾಖಾನೆಯ ಜವಾನನನ್ನು ಕಳಿಸಿ ಎಬ್ಬಿಸುತ್ತೇನೆ ಎಂದು ತಿರುಗಿದ.

“ಎಬ್ಬಿಸಬ್ಯಾಡ,” ಎಂದಳು ವೆಂಕೂಬಾಯಿ. “ಕೂತಿರಲಿ.”

ಇಬ್ಬರೂ ಅವಳ ಮುಖ ನೋಡಿದರು. ಉಚ್ಚಮ್ಮನ ಬಾಯಿಂದ ಅವಳಿಗೆ ಒಂದು ಮಾತು ಬೇಕಿತ್ತು, ಅದೂ ಇವತ್ತೇ, ಗಂಡನ ಮೈ ಬೂದಿಯಾಗುವ ಮೊದಲು: ಯರ್ರೆಪ್ಪನ ಸಾವು ಆಚಾರ್ಯರ ಮೇಲಿಲ್ಲ ಎಂಬ ಮಾತು. ಬೇರೆಯವರ ಕಣ್ಣೀರನ್ನು ಬೆನ್ನಿಗೆ ಕಟ್ಟಿಕೊಂಡ ಜೀವ ಎಷ್ಟು ನಡೆದರೂ ದಾರಿ ಸಾಗುವುದಿಲ್ಲ ಎಂದು ಚಿಕ್ಕಂದಿನಿಂದ ಪುರಾಣದ ಕಟ್ಟೆಯ ಕೆಳಗೆ ಕೂತು ಕೇಳಿದವಳು ಅವಳು. ಆದರೆ ಬೇವಿನ ಬುಡದಲ್ಲಿ ಕೂತವಳು ಆ ಮಾತು ಕೊಡಲು ಬಂದಿದ್ದಾಳೋ, ಬೇರೆ ಏನಾದರೂ ಎರಚಲು ಬಂದಿದ್ದಾಳೋ?

*

ದವಾಖಾನೆಗೆ ಡಾಕ್ಟರು ಎಂಬವರು ವಾರಕ್ಕೊಮ್ಮೆ ಆದವಾನಿಯಿಂದ ಜೀಪಿನಲ್ಲಿ ಬಂದು, ನೆರಳು ಉದ್ದವಾಗುವ ಮೊದಲೇ ಹೊರಡುತ್ತಿದ್ದರು. ಉಳಿದ ದಿನ ಆಚಾರ್ಯರೇ ಡಾಕ್ಟರು, ಆಚಾರ್ಯರೇ ದವಾಖಾನೆ. ಹತ್ತಿ ಬಿಡಿಸುವ ಜಿನ್ನಿನ ಗಿರಣಿಯಲ್ಲಿ ಧೂಳು ನುಂಗಿ ಬಂದವರು, ಕುರಿಯ ಹಿಂದೆ ಬಯಲಲ್ಲಿ ಮಲಗಿ ಎದೆ ಕೆಡಿಸಿಕೊಂಡವರು, ಕೆಮ್ಮುತ್ತ ಅವರ ಮುಂದೆ ಕೂರುತ್ತಿದ್ದರು. ಕ್ಷಯದ ಸೂಜಿ, ಗುಳಿಗೆ ಸರ್ಕಾರದಿಂದ ಪುಕ್ಕಟೆ ಬರುತ್ತಿದ್ದವು. ಬರುವ ಪೆಟ್ಟಿಗೆ ಮಾತ್ರ ಕೇಳುವ ಮಂದಿಯ ಅರ್ಧಕ್ಕೂ ಸಾಲುತ್ತಿರಲಿಲ್ಲ. ಯಾರಿಗೆ ಕೊಡಬೇಕು, ಯಾರನ್ನು ಬಿಡಬೇಕು ಎಂದು ಸರ್ಕಾರ ಹೇಳಿರಲಿಲ್ಲ.

ಆಚಾರ್ಯರು ನೋಡಿದ್ದೊಂದು ಸಂಗತಿ: ಕುಡಿಯುವವರು ನಡುವೆ ಕೈಬಿಡುತ್ತಾರೆ. ನಾಲ್ಕು ದಿನ ಸೂಜಿ, ಎಂಟು ದಿನ ಹೆಂಡ. ಕೈಬಿಟ್ಟವನ ರೋಗ ಗಟ್ಟಿಯಾಗಿ ಮರಳುತ್ತದೆ, ಆಮೇಲೆ ಯಾವ ಔಷಧವೂ ನಾಟುವುದಿಲ್ಲ. “ತೂತು ಗಡಿಗಿಗೆ ಸರ್ಕಾರದ ಔಷಧ ಯಾಕ ಸುರೀಬೇಕು?” ಎನ್ನುತ್ತಿದ್ದರು. “ಅದು ನನ್ನಪ್ಪಂದಲ್ಲ, ಅವರಪ್ಪಂದೂ ಅಲ್ಲ. ಎಲ್ಲಾರದು.” ಅದಕ್ಕೆಂದೇ ತಮ್ಮದೊಂದು ಕ್ರಮ ಮಾಡಿಕೊಂಡರು. ಸೂಜಿ ಬೇಕಾದವನು ಹಿಂದಿನ ದಿನ ಮನೆಯ ಕಟ್ಟೆಗೆ ಬರಬೇಕು. ಕೈಕಾಲು ತೊಳೆದು, ಮಂತ್ರಾಲಯದ ಮೃತ್ತಿಕೆ ಇಟ್ಟ ಭರಣಿಯನ್ನು ಮುಟ್ಟಿ, ಔಷಧ ಮುಗಿಯುವ ತನಕ ಹೆಂಡ ಸಾರಾಯಿ ನಾಲಗೆಗೆ ತಾಗಿಸುವುದಿಲ್ಲ, ಮನೆಯೊಳಗೆ ತರುವುದಿಲ್ಲ ಎಂದು ಆಣೆ ಮಾಡಬೇಕು. ಮಾಡಿದವನಿಗೆ ಮರುದಿನದಿಂದ ಸೂಜಿ. ಮಾಡದವನಿಗೆ ಕೆಮ್ಮಿನ ನೀರು. ಡಾಕ್ಟರು ಇದನ್ನು ಕಂಡೂ ಕಾಣದವರಂತೆ ಇದ್ದರು. ಊರವರು ಮಾತ್ರ ಸಂಶಯ ಬಿಡಲಿಲ್ಲ: ಆಣೆಯೆಂಬುದು ನೆಪ, ಉಳಿಸಿದ ಗುಳಿಗೆ ಆದವಾನಿಯ ಅಂಗಡಿಗೆ ಹೋಗುತ್ತದೆ ಎಂದು ಗುಸುಗುಟ್ಟಿದರು. ಹೋದದ್ದನ್ನು ಕಂಡವರು ಯಾರೂ ಇರಲಿಲ್ಲ. ಕಾಣದಿದ್ದದ್ದೇ ಅವರಿಗೆ ಗಟ್ಟಿ ಸಾಕ್ಷಿಯಾಯಿತು.

ಯರ್ರೆಪ್ಪ ಬಂದದ್ದು ಒಂದು ಏಕಾದಶಿಯ ದಿನ. ಈಚಲ ಮರ ಏರಿ ಹೆಂಡ ಇಳಿಸುವ ಕಸುಬು. ಸೊಂಟದ ಮೇಲೆ ಹಗ್ಗ ಉಜ್ಜಿ ಕಪ್ಪಾದ ಗುರುತು. ಕಟ್ಟೆಯ ಕೆಳಗೆ ನಿಂತು, ಕೆಮ್ಮು ನಿಲ್ಲುವ ತನಕ ಕಾದು, ಆಮೇಲೆ ಮಾತಾಡಿದ. ವೆಂಕೂಬಾಯಿ ಕದದ ಹಿಂದೆ ಹೂಬತ್ತಿ ಹೊಸೆಯುತ್ತಿದ್ದಳು.

“ನಾ ಕುಡಿಯಾಂವಲ್ರಿ ಸ್ವಾಮಿ. ಊರಿಗೆಲ್ಲ ಕುಡಸ್ತೀನಿ, ನಾ ಕುಡಿಯಂಗಿಲ್ಲ. ಬೇಕಾದವ್ರನ್ನ ಕೇಳ್ರಿ.”

“ಛಲೋ ಆತು. ಹಂಗಾದ್ರ ಭರಣಿ ಮುಟ್ಟು.”

ಯರ್ರೆಪ್ಪ ಚಾಚಿದ ಕೈಯನ್ನು ನಡುವೆಯೇ ನಿಲ್ಲಿಸಿದ.

“ಒಂದು ಕೇಳ್ತೀನ್ರಿ. ಮರದ ಮ್ಯಾಲೆ ಗಡಿಗಿ ಇಳಸೋಮುಂದ, ಹುಳಿ ಬಂದೈತೋ ಇಲ್ಲೋ ಅಂತ ನಾಲಿಗಿ ಮ್ಯಾಲೆ ಒಂದು ಹನಿ ಇಟ್ಕೊಂಡು ನೋಡಬೇಕಾಗತೈತಿ. ನೋಡಿ ಉಗುಳ್ತೀನಿ. ಅದೂ ಆಣಿಯೊಳಗ ಬರತೈತೇನ್ರಿ?”

ನಸುಕಿನಿಂದ ಆಚಾರ್ಯರ ಬಾಯಿಗೆ ಹನಿ ನೀರು ಬಿದ್ದಿರಲಿಲ್ಲ. ಏಕಾದಶಿಯ ದಿನ ಬಾಯಿ ಮುಕ್ಕಳಿಸುವಾಗಲೂ ಗಂಟಲಿಗೆ ಹನಿ ಇಳಿಯದಂತೆ ತಲೆ ಬಗ್ಗಿಸಿಕೊಳ್ಳುವ ಮನುಷ್ಯ.

“ಹನಿನೂ ಬರ್ತದ,” ಎಂದರು.

“ಹಂಗಾದ್ರ ನಾ ಆಣಿ ಮಾಡಂಗಿಲ್ರಿ. ಮರ ಬಿಟ್ರ ನನಗ ಬ್ಯಾರೆ ಕೆಲಸ ಬರಂಗಿಲ್ಲ.”

“ನಿನಗೊಬ್ಬನಿಗೆ ಬ್ಯಾರೆ ಆಣಿ ಮಾಡ್ಲೇನು? ನಾಳೆ ಎಲ್ಲಾರೂ ಒಂದೊಂದು ಹನಿ ಕೇಳ್ತಾರ.”

ಯರ್ರೆಪ್ಪ ಸಿಟ್ಟಾಗಲಿಲ್ಲ. ಅದೂ ನ್ಯಾಯವೇ ಎಂಬಂತೆ ತಲೆಯಾಡಿಸಿ, ಕೆಮ್ಮಿನ ನೀರಿನ ಸೀಸೆಯನ್ನು ಕೂಡ ಕೇಳದೆ ಹೋದ.

ಮರುದಿನ ಪಾರಣೆಗೆ ಬಡಿಸುವಾಗ ವೆಂಕೂಬಾಯಿ, ಅವನು ಖರೇ ಹೇಳಿದನಲ್ಲವೇ ಎಂದು ಕೇಳಿದಳು. ಆಚಾರ್ಯರು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು. ಖರೇ ಹೇಳಿದ ಎಂದು ಅವನಿಗೆ ಸಡಿಲ ಬಿಟ್ಟರೆ, ಆಣೆ ಮಾಡಿ ನಡೆಸುತ್ತಿರುವ ಅಷ್ಟು ಮಂದಿಗೆ ಮೋಸ ಮಾಡಿದಂತೆ ಎಂದರು. ಅವಳು ಸಾರಿನ ಪಾತ್ರೆ ಎತ್ತಿಕೊಂಡಳು. ದೀಪಾವಳಿಯ ಹೊತ್ತಿಗೆ ಯರ್ರೆಪ್ಪ ಮರ ಏರುವುದು ನಿಂತಿತು. ಸಂಕ್ರಾಂತಿಯ ಹೊತ್ತಿಗೆ ಉಸಿರು.

*

ಚಿತೆಗೆ ಕಟ್ಟಿಗೆ ಒಡೆದು ಬಂದ ಮಾರೆಪ್ಪ ಹೊಸ್ತಿಲ ಹೊರಗೆ ಉದ್ದಕ್ಕೆ ಬಿದ್ದು ಅತ್ತ. ಬೀದಿಯಲ್ಲಿ ಎಲ್ಲರಿಗಿಂತ ದೊಡ್ಡ ದನಿ ಅವನದೇ. ಕೊಡಲಿ ಹಿಡಿದ ತೋಳು ತೋರಿಸಿ, ಈ ತೋಳು ಆಚಾರ್ರು ಕೊಟ್ಟದ್ದು, ಈ ಎದಿ ಆಚಾರ್ರು ಕೊಟ್ಟದ್ದು, ದೇವುಡಿನಂಥ ಮನುಷ್ಯ ಎಂದು ತೆಲುಗು ಕನ್ನಡ ಕಲಸಿ ಹಾಡಿದ. ಅವನು ತಲೆಯೆತ್ತಿದಾಗ ಊದಿನಕಡ್ಡಿಯ ವಾಸನೆಯನ್ನು ಸೀಳಿಕೊಂಡು ಇನ್ನೊಂದು ವಾಸನೆ ಒಳಗೆ ಬಂತು. ಸಕ್ಕೂಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ಮಾರೆಪ್ಪ, ಕುಡದೀ ಏನು?” ಎಂದಳು ವೆಂಕೂಬಾಯಿ.

“ಇವತ್ತೊಂದು ದಿನ ಬಿಡ್ರಿ ಅವ್ವಾರ. ದುಃಖಕ್ಕ.”

“ಸೂಜಿ ತಗೊಳ್ಳೋಮುಂದ ಬಿಟ್ಟಿದ್ದಿ ಅಲ್ಲ?”

ಮಾರೆಪ್ಪ ಹೆಣದ ಕಡೆ ನೋಡಿದ. ಮುಖದ ಮೇಲೆ ಬಟ್ಟೆ ಇದ್ದದ್ದು ಅವನಿಗೆ ಸಮಾಧಾನ ತಂದಂತಿತ್ತು.

“ಬಿಟ್ಟಿದ್ವಿ. ಈ ದಂಡಿಗೆ ಬಿಟ್ಟಿದ್ವಿ.”

“ಈ ದಂಡಿಗೆ ಅಂದ್ರ?”

“ಆಣಿ ಮಾಡಿದ್ದು ಈ ದಂಡಿಗಲ್ರಿ? ಹರಗೋಲು ಏರಿ ಆ ದಂಡಿಗಿ ಇಳದ್ರ ರಾಜ್ಯಾನೇ ಬ್ಯಾರೆ. ಪೊಲೀಸ್ರು ಬ್ಯಾರೆ, ಬಸ್ಸು ಬ್ಯಾರೆ. ಅಲ್ಲಿಗಿ ನಮ್ಮ ಆಣಿ ನಡಿಯಂಗಿಲ್ಲಂತ ಹಿರೇರೇ ಕೂತು ಮಾತಾಡ್ಕೊಂಡಿದ್ರು. ಬರೋಮುಂದ ಹೊಳಿಯಾಗ ಬಾಯಿ ತೊಳಕೊಂಡು ಬರತಿದ್ವಿ. ಈ ದಂಡಿಗಿ ಒಂದು ಹನಿ ಮುಟ್ಟಿದ್ರ ಕೇಳ್ರಿ.” ಆ ಮಾತಿನಲ್ಲಿ ಅವನಿಗೆ ಅಭಿಮಾನವೂ ಇತ್ತು.

“ಎಲ್ಲಾರೂ?”

“ಎಲ್ಲಾರೂ ಅಂದ್ರ… ಯರ್ರೆಪ್ಪ ಒಬ್ಬ ಬರಲಿಲ್ಲ. ನಾನೇ ಹೇಳಿದ್ದೆ. ಲೇ ಹುಚ್ಚ, ಆಣಿ ಮಾಡಿ ಸೂಜಿ ತಗೋ, ಹೊಳಿ ಆಚಿಗೆ ಈಚಲ ಮರ ಇಲ್ಲೇನು, ಅಲ್ಲೇ ಏರು ಅಂದೆ. ಹೊಳಿಗೆ ಎರಡು ದಂಡಿ ಅದಾವ, ದೇವ್ರಿಗೂ ಎರಡು ದಂಡಿ ಅದಾವೇನಲೇ ಅಂತ ನನಗೇ ಕೇಳಿದ. ಆತ ಹಂಗೇರಿ. ಪಾಪಂ.”

ಗುರುರಾಜ ಓಡಿಬಂದು, ಹೆಣದ ಮುಂದೆ ಏನು ಬೊಗಳುತ್ತೀ ಎಂದು ಅವನ ರಟ್ಟೆ ಹಿಡಿದು ಎಳೆದೊಯ್ದ. ಮಾರೆಪ್ಪ ಹೋಗುತ್ತ ಹೋಗುತ್ತ ಮತ್ತೆ ದೊಡ್ಡ ದನಿ ತೆಗೆದ. ಅವನ ಅಳು ಸುಳ್ಳಲ್ಲ ಎಂಬುದೇ ವೆಂಕೂಬಾಯಿಗೆ ಹೆಚ್ಚು ಸಂಕಟವಾಯಿತು. ಆಣೆ ಮುರಿದು ಕುಡಿದವನು ಔಷಧ ಮುಗಿಸಿದ್ದಾನೆ, ಗುಣವಾಗಿದ್ದಾನೆ, ಕೊರಡು ಸೀಳುತ್ತಿದ್ದಾನೆ.

ಅವಳು ಮತ್ತೆ ಕಿಟಕಿಯಾಚೆ ನೋಡಿದಳು. ಗುಣವಾದವರು ಕಟ್ಟೆಗೆ ಬಂದು ಕೈಮುಗಿದಾಗಲೆಲ್ಲ ಆಚಾರ್ಯರು ಒಳಗೆ ಬಂದು, ನೋಡಿದೆಯಾ, ಔಷಧಕ್ಕಿಂತ ಆಣೆ ದೊಡ್ಡದು ಎನ್ನುತ್ತಿದ್ದರು. ಈಗ ಬೀದಿಯಲ್ಲಿ ನಿಂತವರೆಲ್ಲರ ಬಾಯಿಯೂ ಅವಳ ಕಣ್ಣಿಗೆ ಹೊಳೆಯಲ್ಲಿ ತೊಳೆದುಕೊಂಡ ಬಾಯಿಯಾಗಿಯೇ ಕಂಡಿತು. ಗಂಡನಿಗೆ ಇದು ಗೊತ್ತಿರಲಿಲ್ಲವೇ? ಇಷ್ಟು ವರ್ಷ, ಇಷ್ಟು ಮಂದಿ, ಒಬ್ಬನ ಬಾಯಿಯೂ ನಾರಲಿಲ್ಲವೇ? ಸತ್ತವನ ಮೇಲೆ ಸಂಶಯಪಡುವುದು ಪಾಪ ಎಂದುಕೊಂಡು ಗೋವಿಂದ ಎಂದಳು. ಸಂಶಯ ಹೋಗಲಿಲ್ಲ.

ಬೇವಿನ ಬುಡದಲ್ಲಿ ಉಚ್ಚಮ್ಮ ಕೂತಲ್ಲಿಯೇ ಕೂತಿದ್ದಳು.

*

ಯರ್ರೆಪ್ಪ ಸತ್ತ ಮರುವರ್ಷವೇ ಅವನ ಮಗಳು ಕೊಟ್ರಮ್ಮ ಕೆಮ್ಮತೊಡಗಿದ್ದಳು. ಆಗ ಉಚ್ಚಮ್ಮ ಇದೇ ಕಟ್ಟೆಗೆ ಬಂದಿದ್ದಳು. ಆಚಾರ್ಯರು ಕೇಳುವ ಮೊದಲೇ ಕೈಕಾಲು ತೊಳೆದುಕೊಂಡು, ಭರಣಿಯ ಮೇಲೆ ಅಂಗೈಯಿಟ್ಟು, ಹೆಂಡ ಮನೆಯೊಳಗೆ ಬರುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಗಂಡನಂತೆ ಏನನ್ನೂ ಕೇಳಲಿಲ್ಲ. ಕದದ ಹಿಂದಿದ್ದ ವೆಂಕೂಬಾಯಿಗೆ ಆ ಅವಸರ ಆಗಲೇ ಅನುಮಾನ ಹುಟ್ಟಿಸಿತ್ತು. ಹೇಳಲು ಬಾಯಿ ಬರಲಿಲ್ಲ. ಕೊಟ್ರಮ್ಮ ಇನ್ನೂ ಲಂಗ ಹಾಕುವ ಹುಡುಗಿ. ಆಚಾರ್ಯರು ಒಂದು ದಿನವೂ ತಪ್ಪಿಸದೆ ಸೂಜಿ ಕೊಟ್ಟರು, ಹುಡುಗಿ ಮೈ ಕಟ್ಟಿಕೊಂಡು ಎದ್ದಳು. ಇನ್ನು ಆ ಮನೆಯ ಋಣ ತೀರಿತು ಎಂಬಂತೆ ಇದ್ದರು.

ಅವರ ಮನಸ್ಸಿನಲ್ಲಿ ಅದು ತೀರಿರಲಿಲ್ಲವೆಂದು ವೆಂಕೂಬಾಯಿಗೆ ತಿಳಿದದ್ದು ಕಳೆದ ತಿಂಗಳು, ಆದವಾನಿಯಲ್ಲಿ. ರಕ್ತದ ಒತ್ತಡ ಏರಿ ಆಚಾರ್ಯರ ಎಡಗೈ ಬಿದ್ದಾಗ ಅಲ್ಲಿನ ದೊಡ್ಡ ದವಾಖಾನೆಗೆ ಸೇರಿಸಿದ್ದರು. ಸರ್ಕಾರದ ಮಂಚ, ಸರ್ಕಾರದ ಔಷಧ. ಪಡಸಾಲೆಯಲ್ಲಿ ಮಂಚ ಸಿಗದ ಮುದುಕಿಯೊಬ್ಬಳು ಚಾಪೆಯ ಮೇಲೆ ಕೆಮ್ಮುತ್ತಿದ್ದಳು. ಉಪ್ಪು ಪೂರಾ ಬಿಡಬೇಕೆಂದು ಡಾಕ್ಟರು ವರ್ಷದ ಕೆಳಗೇ ಹೇಳಿದ್ದರು. ಇಲ್ಲೂ ಹೇಳಿ ಹೋದರು. ಡಾಕ್ಟರ ಬೆನ್ನು ಮರೆಯಾದ ಮೇಲೆ ಆಚಾರ್ಯರು ಹೆಂಡತಿಯ ಕಡೆ ನೋಡಿದರು. ಅವಳು ಸೆರಗಿನ ಗಂಟಿನಿಂದ ಬಾಳೆಲೆಯಲ್ಲಿ ಸುತ್ತಿದ ಮಾವಿನಕಾಯಿ ಉಪ್ಪಿನಕಾಯಿ ಹೋಳು ತೆಗೆದುಕೊಟ್ಟಳು. ಮನೆಯಲ್ಲಿಯೂ ಹೀಗೆಯೇ ನಡೆದಿತ್ತು. ಉಪವಾಸದಲ್ಲಿ ಪರ್ವತದಂತಿದ್ದ ಮನುಷ್ಯ ಉಪ್ಪಿನ ಮುಂದೆ ಮಗುವಾಗಿದ್ದರು.

ಹೋಳು ಚೀಪುತ್ತ, ಸೊಟ್ಟಗಾದ ಬಾಯಿಯಿಂದ ಅವರು ನಿಧಾನವಾಗಿ ಹೇಳಿದ್ದರು:

“ನನಗ ಯಾರೂ ಆಣಿ ಕೇಳಲಿಲ್ಲ ನೋಡು. ಸುಮ್ಮನ ಮಂಚ ಕೊಟ್ಟರು.”

ಪಡಸಾಲೆಯ ಕೆಮ್ಮು ಕೇಳುತ್ತಿತ್ತು.

“ಉಚ್ಚಮ್ಮ ಏನರ ಅಂತಾಳೇನು?”

ಏನೂ ಅನ್ನುವುದಿಲ್ಲ ಎಂದು ಅವಳು ಹೇಳಿದಳು. ಅವರು ನಂಬಲಿಲ್ಲ. ಕೇಳಿಕೊಂಡು ಬಾ ಎಂದರು. ಊರಿಗೆ ಬಂದ ಮೇಲೆ ಇವತ್ತು ನಾಳೆ ಎಂದು ದಿನ ಹೋದವು.

*

ಹೊತ್ತು ನೆತ್ತಿಯಿಂದ ಇಳಿದಾಗ ಚಟ್ಟ ಎದ್ದಿತು. ಗುರುರಾಜ ಬೆಂಕಿಯ ಮಡಕೆ ಹಿಡಿದು ಮುಂದಾದ. ಎಲ್ಲರ ಕಣ್ಣೂ ಬೇವಿನ ಬುಡಕ್ಕೆ ಹೋದವು. ಇಬ್ಬರು ಗಂಡಸರು ಆ ಕಡೆ ಸರಿದು ಅಡ್ಡ ನಿಂತರು. ಉಚ್ಚಮ್ಮ ಎದ್ದು ನಿಂತಳು, ತಲೆಯ ಮೇಲೆ ಸೆರಗೆಳೆದುಕೊಂಡಳು. ಹಾಡಲಿಲ್ಲ, ಬೈಯಲಿಲ್ಲ, ಮಣ್ಣು ಮುಟ್ಟಲಿಲ್ಲ. ಗೋವಿಂದನ ನಾಮ ಓಣಿ ತಿರುಗಿ ಹೊಳೆಯ ಕಡೆ ಹೋಯಿತು. ಇಷ್ಟಕ್ಕೇ ಬಂದಿದ್ದಳೇನು ಎಂದು ಸಕ್ಕೂಬಾಯಿಗೆ ನಿರಾಸೆಯೇ ಆದಂತಿತ್ತು.

ಹೆಂಗಸರು ಮನೆ ತೊಳೆಯತೊಡಗಿದರು. ವೆಂಕೂಬಾಯಿ ಹಿತ್ತಲ ಬಾವಿಯಲ್ಲಿ ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲಿ ಕಲ್ಲಿನ ಮೇಲೆ ಕೂತಿದ್ದಳು. ಹಿತ್ತಲ ಬಾಗಿಲು ಕಿರುಗುಟ್ಟಿತು. ಅವಳು ತಿರುಗಿ ನೋಡದೆಯೇ ಯಾರೆಂದು ತಿಳಿದಳು.

“ಬಾ ಉಚ್ಚಮ್ಮ. ಇವತ್ತು ಮೈಲಿಗಿ ಮನಿ. ಹತ್ರ ಬಂದ್ರೂ ನಡೀತದ.”

ಉಚ್ಚಮ್ಮ ಬಂದಳು, ಕೂರಲಿಲ್ಲ.

“ಅವ್ವಾರ, ನಾ ಒಂದು ಕೇಳಾಕ ಬಂದೀನ್ರಿ. ಬೆಳಿಗ್ಗಿಂದ ಮಂದಿ ಕರಗಲಿ ಅಂತ ಕೂತಿದ್ದೆ. ಕೊಟ್ರಮ್ಮನ ಸೂಜಿಗಿ ಅಂತ ಭರಣಿ ಮುಟ್ಟಿದ್ನಲ್ರಿ, ಅದು ಸುಳ್ಳು. ಆವತ್ತು ಸಂಜಿಗೇ ಮನಿಯಾಗ ಹೆಂಡ ಸೋಸೀನಿ. ಮೈದುನ ಇಳಿಸಿ ತರತಿದ್ದ, ನಾ ಮಾರತಿದ್ದೆ. ದಿನಾ. ಅದು ಬಿಟ್ರ ಒಲಿ ಹೊತ್ತಂಗಿಲ್ಲ.”

“ಗೊತ್ತಿತ್ತು,” ಎಂದಳು ವೆಂಕೂಬಾಯಿ. ಗೊತ್ತಿತ್ತೋ, ಅನುಮಾನವಷ್ಟೇ ಇತ್ತೋ ಅವಳಿಗೇ ತಿಳಿಯಲಿಲ್ಲ.

“ಆ ಆಣಿ ಇಳಿಸ್ರಿ. ಹಾಕಿಸಿದವ್ರು ಕೈಗಿ ನೀರು ಹಾಕಿ ಬಿಟ್ಟೆ ಅನ್ನಬೇಕು. ಅವ್ರು ಹೋದ್ರ ಅವ್ರ ಮನಿಯಾಕಿ ಅನ್ನಬೇಕು, ಅದೂ ಚಿತಿ ಹೊಗಿ ಆರೂದ್ರಾಗ. ನಮ್ಮ ಕಡಿ ಹಂಗೈತಿ. ಕೊಟ್ರಮ್ಮ ಈಗ ಬಸುರಿ ಅದಾಳ್ರಿ. ನಾ ಹೊತ್ಕೊಂಡದ್ದು ಆಕಿ ಕೂಸಿನ ಮ್ಯಾಲೆ ಬೀಳಬಾರದು.”

ಹೀಗೆ ಕೂಡ ಒಬ್ಬಳು ಬಂದು ನಿಲ್ಲಬಹುದೆಂದು ವೆಂಕೂಬಾಯಿ ಬೆಳಗಿನಿಂದ ನೆನೆಸಿರಲಿಲ್ಲ. ಎಲ್ಲರೂ ಹೊಳೆಯಲ್ಲಿ ಬಾಯಿ ತೊಳೆದುಕೊಂಡು ಹಗುರಾಗಿ ಮನೆಗೆ ಹೋದರು. ಇವಳು ಇಷ್ಟು ವರ್ಷ ಹೊತ್ತು ತಿರುಗಿದ್ದಾಳೆ. ಎದ್ದು ಕೊಡದಿಂದ ತಂಬಿಗೆ ತುಂಬಿಕೊಂಡಳು. ಉಚ್ಚಮ್ಮ ಬಗ್ಗಿ ಬೊಗಸೆ ಚಾಚಿದಳು. ಹೆಂಡದ ಗಡಿಗೆ ಎತ್ತಿ ಎತ್ತಿ ಅಂಚು ಒಡೆದ ಅಂಗೈ. ಅಲ್ಲಿ ನೀರು ಹಾಕಿ ‘ಬಿಟ್ಟೆ’ ಎಂದರೆ ಮುಗಿಯಿತು.

ಹೊಳೆಯ ಕಡೆ ಮರಗಳ ಮೇಲೆ ಹೊಗೆ ಆಗಷ್ಟೇ ಏಳುತ್ತಿತ್ತು.

ವೆಂಕೂಬಾಯಿ ತಂಬಿಗೆ ಬಗ್ಗಿಸಿದವಳು ನಿಲ್ಲಿಸಿದಳು. ನೀರು ಅಂಚಿಗೆ ಬಂದು ನಿಂತಿತು.

“ನಾನೂ ಒಂದು ಕೇಳ್ತೀನಿ ಉಚ್ಚಮ್ಮ. ಯರ್ರೆಪ್ಪನ ಸಾವು ನಮ್ಮವರ ಮ್ಯಾಲೆ ಇಲ್ಲ ಅಂತ ಒಂದು ಮಾತು ಅನ್ನು. ನನ್ನ ಸಲುವಾಗಿ ಬ್ಯಾಡ. ಅವರೇ ಕೇಳಿಕೊಂಡು ಬಾ ಅಂದಿದ್ರು. ನೀ ಅಂದುಬಿಡು, ನಾ ಬಿಟ್ಟೆ ಅಂತೀನಿ.”

ಉಚ್ಚಮ್ಮ ಹೊಗೆಯನ್ನು ನೋಡಿದಳು, ತಂಬಿಗೆಯ ಅಂಚಿನ ನೀರನ್ನು ನೋಡಿದಳು. ಮಗಳ ಹೆಸರು ಬಂದಂತೆ ತುಟಿ ಅಲುಗಿತು. ಆಮೇಲೆ ಚಾಚಿದ್ದ ಬೊಗಸೆಯನ್ನು ಮೆಲ್ಲಗೆ ಬಿಡಿಸಿ, ನೀರು ಬೀಳದ ಎರಡೂ ಕೈಗಳನ್ನು ಕೆಳಗಿಳಿಸಿದಳು.

“ಇಲ್ರಿ ಅವ್ವಾರ. ಅದನ್ನ ನಾ ಅನ್ನಂಗಿಲ್ಲ.”